ಹೆಸರು ಹತ್ತು, ಗೋತ್ರ ಒಂದೇ

ಯಾವ ಬ್ರೌಸರ್ ನಿಮಗೆ ಸೂಕ್ತ ಎಂದು ಹೇಳಿಕೊಡುವವರಿಗೆ ಬರಗಾಲವಿಲ್ಲ. ಕ್ರೋಮ್‌ಗೆ ವೇಗ ಹೆಚ್ಚು, ಆದರೆ ರ‍್ಯಾಮ್ ನುಂಗುತ್ತದೆ. ಫೈರ್‌ಫಾಕ್ಸ್ ಗುಣವಂತ, ಕೈಯಲ್ಲಿ ಕಾಸಿಲ್ಲ. ಬ್ರೇವ್‌ಗೆ ಜಾಹೀರಾತು ಕಂಡರಾಗದು, ತನ್ನದೊಂದನ್ನು ಬಿಟ್ಟು. ಎಡ್ಜ್ ಕರೆಯದಿದ್ದರೂ ಬರುತ್ತದೆ, ಕಳಿಸಿದರೂ ಹೋಗುವುದಿಲ್ಲ. ಹೀಗೆ ವಧುವರರ ಕೇಂದ್ರದವರ ಹಾಗೆ ಗುಣದೋಷ ಬರೆದು, ಐದರಲ್ಲಿ ನಾಲ್ಕೂವರೆ ನಕ್ಷತ್ರ ಕೂಡಿಬಂದಿದೆ ಎಂದು ಷರಾ ಹಾಕುತ್ತಾರೆ. ಓದುಗ ಎಲ್ಲವನ್ನೂ ಓದುತ್ತಾನೆ, ತಲೆದೂಗುತ್ತಾನೆ, ಆಮೇಲೆ ಫೋನು ಕೊಂಡ ದಿನದಿಂದಲೂ ಅಲ್ಲೇ ಕೂತಿದ್ದ ಬಣ್ಣದ ಗುಂಡನ್ನೇ ಒತ್ತುತ್ತಾನೆ.

ಅವನನ್ನು ದೂರಿ ಫಲವಿಲ್ಲ. 2009ರಲ್ಲಿ ಗೂಗಲ್‌ನವರೇ ನ್ಯೂಯಾರ್ಕಿನ ಟೈಮ್ಸ್ ಸ್ಕ್ವೇರಿನಲ್ಲಿ ನಿಂತು, ಬ್ರೌಸರ್ ಎಂದರೇನು ಎಂದು ದಾರಿಹೋಕರನ್ನು ಕೇಳಿ ವಿಡಿಯೊ ಮಾಡಿದ್ದರು. ಸರಿಯಾಗಿ ಹೇಳಿದವರು ನೂರಕ್ಕೆ ಎಂಟು ಮಂದಿಯೂ ಇರಲಿಲ್ಲ. ಉಳಿದ ತೊಂಬತ್ತು ಚಿಲ್ಲರೆ ಮಂದಿಯ ಅಜ್ಞಾನಕ್ಕೆ ಕಂಪನಿ ಮರುಗುತ್ತ ಕೂರಲಿಲ್ಲ, ಬೆಲೆ ಕಟ್ಟಿತು.

ಆ ಬೆಲೆ ಎಷ್ಟೆಂದು ಅಮೆರಿಕದ ಕೋರ್ಟಿನಲ್ಲಿ ಬಯಲಾಯಿತು. ಫೋನು, ಬ್ರೌಸರ್‌ಗಳಲ್ಲಿ ತನ್ನ ಹುಡುಕಾಟವೇ ಮೊದಲೇ ಪ್ರತಿಷ್ಠಾಪನೆಯಾಗಿರಬೇಕು ಎಂದು 2021ರ ಒಂದೇ ವರ್ಷ ಗೂಗಲ್ ಹಂಚಿದ್ದು 2,630 ಕೋಟಿ ಡಾಲರ್. ಮರುವರ್ಷ ಸಫಾರಿಯಲ್ಲಿ ಜಾಗ ಕಾಯ್ದಿರಿಸಲು ಆಪಲ್‌ಗೆ ಕೊಟ್ಟದ್ದೇ 2,000 ಕೋಟಿ. ಖಾಸಗಿತನದ ಬಗ್ಗೆ ರಸ್ತೆರಸ್ತೆಯಲ್ಲಿ ಫಲಕ ಹಾಕಿಸುವ ಆಪಲ್ ಈ ಹಣವನ್ನು ಬಹಳ ಖಾಸಗಿಯಾಗಿ ಎಣಿಸಿಕೊಂಡಿತ್ತು. 2024ರ ಆಗಸ್ಟ್‌ನಲ್ಲಿ ನ್ಯಾಯಾಧೀಶ ಅಮಿತ್ ಮೆಹ್ತಾ, ಗೂಗಲ್ ಏಕಸ್ವಾಮ್ಯ ಸಾಧಿಸಿ ಕಾನೂನು ಮುರಿದಿದೆ ಎಂದು ತೀರ್ಪಿತ್ತರು. ಪರಿಹಾರ ಹೇಳುವಷ್ಟರಲ್ಲಿ ಇನ್ನೊಂದು ವರ್ಷ ಉರುಳಿತು. ಕ್ರೋಮ್ ಮಾರಬೇಕಿಲ್ಲ, ದುಡ್ಡು ಕೊಡುವುದನ್ನೂ ನಿಲ್ಲಿಸಬೇಕಿಲ್ಲ, ‘ನನ್ನದೊಂದೇ ಇರಬೇಕು’ ಎಂಬ ಕರಾರು ಮಾತ್ರ ಬೇಡ, ಒಂದಿಷ್ಟು ಮಾಹಿತಿ ಎದುರಾಳಿಗಳಿಗೂ ಸಿಗಲಿ, ಇಷ್ಟೇ. ವಿಚಾರಣೆಯ ನಡುವೆ ಫೈರ್‌ಫಾಕ್ಸ್‌ನ ಮೊಜಿಲ್ಲಾ ಬಂದು ಸಾಕ್ಷಿ ಹೇಳಿದ ಪರಿ ಕಣ್ಣೀರು ತರಿಸುವಂಥದ್ದು. ಅದರ ಆದಾಯದ ಸಿಂಹಪಾಲು ಬರುವುದೇ ಗೂಗಲ್‌ನಿಂದ. ಏಕಸ್ವಾಮ್ಯಕ್ಕೆ ಏನು ಬೇಕಾದರೂ ಶಿಕ್ಷೆ ಕೊಡಿ, ನಮಗೆ ಬರುವ ಮಾಸಾಶನ ನಿಲ್ಲಿಸಬೇಡಿ ಎಂಬುದು ಅದರ ಅಹವಾಲಿನ ಸಾರ.

ಇನ್ನು ಈ ಹತ್ತೆಂಟು ಹೆಸರುಗಳ ಜಾತಕ ಬಿಡಿಸಿದರೆ ಮದುವೆ ದಲ್ಲಾಳಿಯೂ ಎದ್ದು ಹೋಗುತ್ತಾನೆ. ಕೆಡಿಇ ಎಂಬ ಸ್ವಯಂಸೇವಕರ ಬಳಗ ಬರೆದ, ಪುಟ ಬಿಡಿಸಿ ತೋರಿಸುವ ಕೆಎಚ್‌ಟಿಎಂಎಲ್ ಎಂಬ ಎಂಜಿನ್ನೇ ಮೂಲಪುರುಷ. ಅದನ್ನೆತ್ತಿಕೊಂಡು ಆಪಲ್ ವೆಬ್‌ಕಿಟ್ ಮಾಡಿ 2003ರಲ್ಲಿ ಸಫಾರಿ ತಂದಿತು. 2008ರಲ್ಲಿ ವೆಬ್‌ಕಿಟ್ ಮೇಲೆಯೇ ಕ್ರೋಮ್ ಹುಟ್ಟಿತು. 2013ರಲ್ಲಿ ದಾಯಾದಿಗಳು ಪಾಲಾಗಿ ಗೂಗಲ್‌ನ ಬ್ಲಿಂಕ್ ಬೇರೆ ಒಲೆ ಹೂಡಿತು. ಅದೇ ವರ್ಷ ನಾರ್ವೆಯ ಒಪೇರಾ ತನ್ನ ಸ್ವಂತ ಎಂಜಿನ್ ಕೈಬಿಟ್ಟು ಆ ಮನೆಗೆ ದತ್ತು ಹೋಯಿತು. 2020ರಲ್ಲಿ ಎಡ್ಜ್ ಹೋಯಿತು. ಬ್ರೇವ್, ವಿವಾಲ್ಡಿ, ಸ್ಯಾಮ್‌ಸಂಗ್‌ನದ್ದು ಎಲ್ಲವೂ ಅದೇ ಮನೆಯ ಮಕ್ಕಳು. ಹೊರಗುಳಿದ ದೊಡ್ಡ ಮನೆತನವೆಂದರೆ ಸಫಾರಿಯದೊಂದು, ಫೈರ್‌ಫಾಕ್ಸ್‌ನದೊಂದು. ಭಾರತದ ಐಫೋನಿನಲ್ಲಂತೂ ನೀವು ಕ್ರೋಮ್ ಹಾಕಿ, ಫೈರ್‌ಫಾಕ್ಸ್ ಹಾಕಿ, ಒಳಗೆ ಓಡುವುದು ವೆಬ್‌ಕಿಟ್ಟೇ.

ನಮ್ಮವರೂ ಸುಮ್ಮನೆ ಕೂರಲಿಲ್ಲ. 2023ರಲ್ಲಿ ಕೇಂದ್ರದ ಐಟಿ ಸಚಿವಾಲಯ ಸ್ವದೇಶಿ ಬ್ರೌಸರ್‌ಗಾಗಿ ಸ್ಪರ್ಧೆ ಸಾರಿತು. 2025ರಲ್ಲಿ ಒಂದು ಕೋಟಿ ರೂಪಾಯಿಯ ಮೊದಲ ಬಹುಮಾನ ಜೋಹೋ ತಂಡಕ್ಕೆ ಸಂದಿತು. ಅವರ ಉಲಾ ಬ್ರೌಸರ್ ಚೆನ್ನಾಗಿಯೇ ಇದೆ. ಗೋತ್ರ ಕೇಳಿದರೆ ಮಾತ್ರ, ಕ್ರೋಮ್‌ನದೇ ಮೂಲವಾದ ಕ್ರೋಮಿಯಂ ಎನ್ನುತ್ತದೆ.

ಆದರೆ ಈ ವಂಶದ ನಿಜವಾದ ತಮಾಷೆ ಇರುವುದು ಪ್ರವರ ಹೇಳುವ ಕ್ರಮದಲ್ಲಿ. ಯಾವುದೇ ತಾಣದ ಬಾಗಿಲಲ್ಲಿ ಬ್ರೌಸರ್ ತಾನು ಯಾರೆಂದು ಒಂದು ಸಾಲು ಒಪ್ಪಿಸಬೇಕು. ಇವತ್ತಿನ ಎಡ್ಜ್ ಒಪ್ಪಿಸುವ ಸಾಲು ಹೀಗೆ ಸಾಗುತ್ತದೆ: ನಾನು ಮೊಜಿಲ್ಲಾ, ನಾನು ಆಪಲ್ ವೆಬ್‌ಕಿಟ್, ನಾನು ಕೆಎಚ್‌ಟಿಎಂಎಲ್, (ಫೈರ್‌ಫಾಕ್ಸ್‌ನ ಎಂಜಿನ್) ಗೆಕ್ಕೊ ತರಹದವನು, ಕ್ರೋಮ್, ಸಫಾರಿ. ಇಷ್ಟೆಲ್ಲ ಸುಳ್ಳು ಹೇಳಿದ ಮೇಲೆ ಕೊನೆಗೊಮ್ಮೆ ತನ್ನ ಹೆಸರಿಗೆ ಬರುತ್ತದೆ, ಅದರಲ್ಲೂ ಇಂಗ್ಲಿಷಿನ ಕೊನೆಯ ಅಕ್ಷರ ನುಂಗಿಬಿಡುತ್ತದೆ. ತೊಂಬತ್ತರ ದಶಕದಲ್ಲಿ ಕೆಲವು ತಾಣಗಳು, ‘ಮೊಜಿಲ್ಲಾ’ ಎಂದು ಹೇಳಿಕೊಳ್ಳುತ್ತಿದ್ದ ನೆಟ್‌ಸ್ಕೇಪ್ ಬ್ರೌಸರ್‌ಗೆ ಮಾತ್ರ ಎಲೆ ಹಾಕುತ್ತಿದ್ದವು. ಆಗ ಮೈಕ್ರೋಸಾಫ್ಟ್‌ನ ಇಂಟರ್ನೆಟ್ ಎಕ್ಸ್‌ಪ್ಲೋರರ್ ‘ನಾನೂ ಮೊಜಿಲ್ಲಾ’ ಎಂದು ಪಂಕ್ತಿಯಲ್ಲಿ ನುಸುಳಿತು. ಆಮೇಲೆ ಬಂದ ಪ್ರತಿಯೊಂದೂ ಹಿಂದಿನವರ ಹೆಸರಿನ ಜತೆ ತನ್ನದೊಂದನ್ನು ಪೋಣಿಸಿತು. ವಿವಾಲ್ಡಿಯದು ಇನ್ನೂ ಪಾಪ. ತನ್ನ ನಿಜ ಹೆಸರು ಹೇಳಿದ ಕಡೆಯೆಲ್ಲ ಬಾಗಿಲು ಮುಚ್ಚಿದ್ದಕ್ಕೆ, 2019ರಲ್ಲಿ ಹೆಸರನ್ನೇ ಅಳಿಸಿ ಕ್ರೋಮ್ ಎಂದು ಹೇಳಿಕೊಂಡು ತಿರುಗತೊಡಗಿತು.

ಕನ್ನಡಿಗರಿಗೆ ಒಂದು ಕಾಲದಲ್ಲಿ ಈ ಆಯ್ಕೆಯ ತಲೆನೋವೇ ಇರಲಿಲ್ಲ. ಯುನಿಕೋಡ್ ಬೇರೂರುವ ಮೊದಲು ಹಲವು ಕನ್ನಡ ತಾಣಗಳು ತಂತಮ್ಮ ಡೈನಮಿಕ್ ಫಾಂಟು ಬಡಿಸುತ್ತಿದ್ದವು, ಅದು ಅರಗುತ್ತಿದ್ದದ್ದು ಎಕ್ಸ್‌ಪ್ಲೋರರ್‌ಗೆ ಮಾತ್ರ. ಬೇರೆಯದರಲ್ಲಿ ತೆರೆದರೆ ಸಂಪಾದಕೀಯದ ಜಾಗದಲ್ಲಿ ಡಿಗ್ರಿ ಚಿಹ್ನೆ, ಬ್ರಾಕೆಟ್ಟು, ನೆತ್ತಿಯ ಮೇಲೆ ಚುಕ್ಕಿ ಹೊತ್ತ ಇಂಗ್ಲಿಷ್ ಅಕ್ಷರಗಳು. (ಕೆಲವು ಸಂಪಾದಕೀಯಗಳು ಹಾಗೆಯೇ ಹೆಚ್ಚು ಅರ್ಥವಾಗುತ್ತಿದ್ದವು.) 2022ರ ಜೂನ್ 15ರಂದು ಮೈಕ್ರೋಸಾಫ್ಟ್ ಎಕ್ಸ್‌ಪ್ಲೋರರ್‌ಗೆ ವಿದಾಯ ಹೇಳಿತು. ದಕ್ಷಿಣ ಕೊರಿಯಾದ ಒಬ್ಬ ಎಂಜಿನಿಯರು ಅದಕ್ಕೆ ಸಮಾಧಿಕಲ್ಲು ಕೆತ್ತಿಸಿ, ಬೇರೆ ಬ್ರೌಸರ್ ಇಳಿಸಿಕೊಳ್ಳಲು ಒಳ್ಳೆಯ ಸಾಧನವಾಗಿತ್ತು ಎಂದು ಬರೆಸಿದ. ಅಷ್ಟಾದರೂ, ಎಕ್ಸ್‌ಪ್ಲೋರರ್‌ನಲ್ಲಿ 1024 ಬೈ 768 ಅಳತೆಯಲ್ಲಿ ನೋಡಿದರೆ ಚೆಂದ ಎಂಬ ಸಾಲನ್ನು ಪಾದದಲ್ಲಿ ಹೊತ್ತ ಸರಕಾರಿ ತಾಣಗಳು ಸೂತಕ ಕಳೆಯಲು ಅವಸರ ಮಾಡಲಿಲ್ಲ.

ಇನ್ನು ಇನ್‌ಕಾಗ್ನಿಟೊ ಎಂಬ ಅಜ್ಞಾತ ಕಿಟಕಿಯ ಮಾತು ಹೆಚ್ಚು ಬೇಡ. ಅದು ಮನೆಯವರಿಂದ ಮುಚ್ಚಿಡುತ್ತದೆ, ಪರರಿಂದಲ್ಲ. ಕ್ರೋಮ್‌ನ ಅಜ್ಞಾತವಾಸದಲ್ಲೂ ಮಾಹಿತಿ ಕೂಡಿಡುತ್ತಿದ್ದರೆಂದು ಹೂಡಿದ ದಾವೆಯಲ್ಲಿ 2024ರಲ್ಲಿ ರಾಜಿಯಾಗಿ, ನೂರಾರು ಕೋಟಿ ದಾಖಲೆ ಅಳಿಸಲು ಗೂಗಲ್ ಒಪ್ಪಿತು. ಅಳಿಸಲು ಅಷ್ಟೊಂದು ಇತ್ತು ಎಂಬುದೇ ಸುದ್ದಿ. ಜಾಹೀರಾತು ತಡೆಯುವ ಯುಬ್ಲಾಕ್ ಆರಿಜಿನ್ ಎಂಬ ವಿಸ್ತರಣೆಯನ್ನೂ ಅದೇ ಕ್ರೋಮ್ ಮನೆಯಿಂದ ಹೊರಹಾಕಿತು, ಕಾರಣ ಭದ್ರತೆಯಂತೆ. ಜಾಹೀರಾತಿನಿಂದಲೇ ಬದುಕುವ ಯಜಮಾನನ ಭದ್ರತೆಯೂ ಭದ್ರತೆಯೇ ತಾನೆ?

ಈಗ ಎಐ ಬ್ರೌಸರ್‌ಗಳ ದಿಬ್ಬಣ ಹೊರಟಿದೆ. 2025ರಲ್ಲಿ ಪರ್‌ಪ್ಲೆಕ್ಸಿಟಿಯ ಕಾಮೆಟ್ ಬಂತು, ಓಪನ್‌ಎಐನ ಅಟ್ಲಾಸ್ ಬಂತು. ಇಷ್ಟು ದಿನ ಬ್ರೌಸರ್‌ಗಳು ನೀವು ಓದುವುದನ್ನು ಮರೆಯಲ್ಲಿ ನಿಂತು ನೋಡುತ್ತಿದ್ದವು, ಇನ್ನು ನಿಮ್ಮ ಪರವಾಗಿ ಓದಿಯೂ ಬಿಡುತ್ತವೆ. ಗೋತ್ರ ಕೇಳಬೇಕೆ? ಎರಡೂ ಕ್ರೋಮಿಯಂ.

ಅದೆಲ್ಲ ಇರಲಿ ಮಾರಾಯರೇ, ಯಾವುದು ಹಾಕಿಕೊಳ್ಳಲಿ ಎನ್ನುತ್ತೀರಿ. ಫೈರ್‌ಫಾಕ್ಸ್ ಹಾಕಿಕೊಳ್ಳಿ. ಯುಬ್ಲಾಕ್ ಆರಿಜಿನ್ ಅಲ್ಲಿ ಇನ್ನೂ ಪೂರ್ತಿ ಕೆಲಸ ಮಾಡುತ್ತದೆ, ಅದನ್ನೂ ಸೇರಿಸಿ. ಯಾವುದಾದರೂ ತಾಣ ‘ಕ್ರೋಮ್‌ನಲ್ಲಿ ತೆರೆಯಿರಿ’ ಎಂದು ಮುನಿಸಿಕೊಂಡರೆ ಅದಕ್ಕೊಂದು ಕ್ರೋಮ್ ಪಕ್ಕದಲ್ಲಿರಲಿ. ಇಷ್ಟು ಮಾಡಿ, ಸ್ವತಂತ್ರರಾದ ಹೆಮ್ಮೆಯಿಂದ ಫೈರ್‌ಫಾಕ್ಸ್‌ನ ವಿಳಾಸಪಟ್ಟಿಯಲ್ಲಿ ಏನನ್ನಾದರೂ ಟೈಪಿಸಿ ಎಂಟರ್ ಒತ್ತಿ. ತೆರೆದುಕೊಳ್ಳುವುದು ಗೂಗಲ್.