ತುಡುಗು ದನದ ಶುಭೋದಯ

ನಮ್ಮ ಮಾವನವರ ಊರು ಸೊರಬದ ಹತ್ತಿರ. ಬೆಳಗಿನ ಜಾವ ನಾಲ್ಕೂಮುಕ್ಕಾಲಿಗೆ ಅವರ ‘ಶುಭೋದಯ’ ಶಿಕಾರಿಪುರದ ನನ್ನ ಮೊಬೈಲಿಗೆ ಬಂದು ಬೀಳುತ್ತದೆ: ಒಂದು ತಾವರೆ, ಒಂದು ಕಾಫಿ ಲೋಟ, ಕೆಳಗೊಂದು ಸುಭಾಷಿತ. ಒಮ್ಮೆ ಬಂದ ಕೂಡಲೇ ಕೈಮುಗಿದ ಚಿಹ್ನೆ ಕಳಿಸಿಬಿಟ್ಟೆ. ‘ನಮ್ಮ ಅಳಿಯಂದ್ರು ಇಷ್ಟು ಬೇಗ ಏಳ್ತಾರೆ’ ಎಂದು ಊರಿಡೀ ಹೇಳಿಕೊಂಡು ಬಂದರು. ನಾನು ಎದ್ದಿರಲಿಲ್ಲ, ಇನ್ನೂ ಮಲಗಿರಲಿಲ್ಲ.

ನಾನು ಹುಟ್ಟಾ ಗೂಬೆ. ಊಟವಾಗಿ, ಹುಚ್ಚರಾಯನ ಕೆರೆ ಕಡೆಯ ಗಾಳಿ ತಣ್ಣಗಾದ ಮೇಲೆಯೇ ತಲೆ ಚುರುಕಾಗುವುದು. ಐದೇ ನಿಮಿಷ ಎಂದು ರೀಲ್ಸ್ ತೆರೆಯುತ್ತೇನೆ. ಶುಂಠಿ ದರದಿಂದ ಶುರುವಾದದ್ದು ಯಾರದೋ ಮಗುವಿನ ನಾಮಕರಣದವರೆಗೆ ಹೋಗುತ್ತದೆ. ಒಂದಕ್ಕೂ ಲೈಕ್ ಒತ್ತುವುದಿಲ್ಲ. ಮಾವ ಹಾಗಲ್ಲ. ಹಾಲು ಕರೆಯುವ ಮೊದಲೇ ನಲವತ್ತು ಮಂದಿಗೆ ಶುಭೋದಯ ಹಂಚಿ, ಮೊಬೈಲನ್ನು ಗೋಡೆಗೂಡಿನಲ್ಲಿಟ್ಟು ಅಡಿಕೆ ತೋಟಕ್ಕೆ ನಡೆದರೆ ಮತ್ತೆ ಮುಟ್ಟುವುದು ಸಂಜೆಗೇ. ಬೆಳಗಿನವರು ಬಿತ್ತಿ ಹೋಗುತ್ತಾರೆ. ನಾವು ರಾತ್ರಿಯವರು ತುಡುಗು ದನದ ಹಾಗೆ ಬೇಲಿ ಹಾರಿ ಮೇಯುತ್ತೇವೆ.

ಶಾಸ್ತ್ರಾಧಾರವನ್ನೂ ಜೋಡಿಸಿಕೊಂಡಿದ್ದೆ. 1976ರಲ್ಲೇ ಹಾರ್ನ್ ಮತ್ತು ಓಸ್ಟ್‌ಬರ್ಗ್ ಎಂಬಿಬ್ಬರು 19 ಪ್ರಶ್ನೆ ಕೇಳಿ ಜನರನ್ನು ಬೆಳಗಿನವರು, ಸಂಜೆಯವರು ಎಂದು ವಿಂಗಡಿಸಿದ್ದರು. ಜಾಲತಾಣದ ಚಟ ಸಂಜೆಯವರಲ್ಲೇ ಹೆಚ್ಚು ಎಂದು ಆಮೇಲೆ ಅಧ್ಯಯನಗಳೂ ಬಂದವು. ಮನೆಯೆಲ್ಲ ಮಲಗಿದ ಮೇಲೆ ಎಚ್ಚರವಿರುವ ನೆಂಟ ಮೊಬೈಲೊಂದೇ ತಾನೆ? ಅದರ ನೀಲಿ ಬೆಳಕೋ, ಮೆಲಟೋನಿನ್ ಊರದಂತೆ ತಡೆದು ನಿದ್ದೆಯನ್ನು ಇನ್ನಷ್ಟು ಆಚೆಗೆ ತಳ್ಳುತ್ತದೆ. ಹಣ್ಣುನೊಣದ ಜೀನ್‌ನಲ್ಲಿ ದೇಹದೊಳಗಿನ ಗಡಿಯಾರದ ಗುಟ್ಟು ಹುಡುಕಿದ ಮೂವರಿಗೆ 2017ರಲ್ಲಿ ನೊಬೆಲ್ಲೇ ಸಿಕ್ಕಿತು. ‘ಎಲ್ಲ ಹುಟ್ಟಿನಿಂದ ಬಂದಿದ್ದು ಮಾವ’ ಎಂದೆ.

‘ನೊಣ ರೀಲ್ಸ್ ನೋಡುತ್ತಾ?’ ಎಂದರು.

ಶಿಕಾರಿಪುರದ ಭ್ರಾಂತೇಶ, ಸಾತೇನಹಳ್ಳಿಯ ಶಾಂತೇಶ, ಕದರಮಂಡಲಗಿಯ ಕಾಂತೇಶ, ಈ ಮೂವರು ಹನುಮರನ್ನು ಒಂದೇ ದಿನ ನೋಡಿದರೆ ಪುಣ್ಯವೆಂಬುದು ನಮ್ಮ ಕಡೆಯ ನಂಬಿಕೆ. ಶ್ರಾವಣದ ಒಂದು ಶನಿವಾರ, ಬೆಳಗ್ಗೆ ಐದಕ್ಕೆ ಮಾವ ಜೀಪು ತಂದು ನನ್ನನ್ನೂ ಹತ್ತಿಸಿಕೊಳ್ಳುವುದೆಂದು ಮಾತಾಗಿತ್ತು. ಹೆಂಡತಿ ತವರಿನಲ್ಲಿದ್ದಳು, ‘ಸಾಕು, ಮಲಗಿ’ ಎನ್ನುವವರಿಲ್ಲ. ಮೂರು ಗಂಟೆಗೆ ಚಾರ್ಜ್ ಮುಗಿದು ಮೊಬೈಲ್ ಕಣ್ಣುಮುಚ್ಚಿತು, ಅದರೊಳಗಿನ ಅಲಾರಾಂ ಸಮೇತ.

ಹನ್ನೊಂದಕ್ಕೆ ಎದ್ದು ಚಾರ್ಜಿಗೆ ಹಾಕಿದೆ. ಮನೆಯವರ ಗ್ರೂಪಿನಲ್ಲಿ ಮಾವ ಹಾಕಿದ ನಾಲ್ಕು ಫೋಟೋ. ನಾಲ್ಕೂ ಬಾಗಿಲುಗಳೇ: ಮೂರು ಗುಡಿಯವು, ಮೊದಲನೆಯದು ನಮ್ಮ ಮನೆಯದು. ಮುಚ್ಚಿದ್ದು ಅದೊಂದೇ.