ಬೈಯಲು ಮೇಯರ್ ಇಲ್ಲದ ಊರು

ವೈನಿಂಗ್ಸ್‌ನಲ್ಲಿ ಮನೆ ಎಂದರೆ ನೆಂಟರಿಗೆ ತಲೆಬುಡ ತಿಳಿಯದು. ಅಟ್ಲಾಂಟಾ ಎಂದರೆ ಸರಿ. ಅಂಚೆಯವರೂ ನೆಂಟರ ಪಕ್ಷವೇ, ನಮ್ಮ ವಿಳಾಸದಲ್ಲಿರುವುದು ಅಟ್ಲಾಂಟಾ. ಆದರೆ ಅಲ್ಲಿನ ಮೇಯರ್‌ಗೆ ನಾವು ವೋಟು ಹಾಕುವಂತಿಲ್ಲ. ಚಾಟಹೂಚಿ ನದಿಯ ಈಚೆಯವರು ನಾವು, ಕಾಬ್ ಕೌಂಟಿಯ ಪ್ರಜೆಗಳು. ನಗರಸಭೆಯೂ ಇಲ್ಲ, ಮೇಯರೂ ಇಲ್ಲ. ರಸ್ತೆಯಲ್ಲಿ ಗುಂಡಿ ಕಂಡಾಗ ಹೆಸರು ಹಿಡಿದು ಬೈಯುವ ಸುಖವಿಲ್ಲದ್ದು ಎಂಥ ಊರು ಹೇಳಿ!

ಕಸದ ಕಥೆ ಇನ್ನೂ ಚೆನ್ನ. ಅವರವರ ಕಸಕ್ಕೆ ಅವರವರೇ ಖಾಸಗಿ ಕಂಪನಿ ಗೊತ್ತು ಮಾಡಿಕೊಳ್ಳಬೇಕು. ಒಂದೇ ಬೀದಿಗೆ ಸೋಮವಾರ ಒಂದು ಲಾರಿ, ಬುಧವಾರ ಇನ್ನೊಂದು. ಪಕ್ಕದ ಮನೆಯ ಹಸಿರು ಡಬ್ಬಿ ಹೊರಗೆ ಬಂದದ್ದು ಕಂಡರೆ ಸಾಕು, ನಮ್ಮ ಯಜಮಾನರು ಪಂಚೆಯಲ್ಲೇ ನೀಲಿ ಡಬ್ಬಿಯನ್ನು ದರದರ ಎಳೆದುಕೊಂಡು ಓಡುತ್ತಾರೆ. ಲಾರಿ ಅದರತ್ತ ಕಣ್ಣೆತ್ತಿಯೂ ನೋಡದೆ ಹೋಗುತ್ತದೆ. ಗೋತ್ರ ಬೇರೆ!

2022ರ ಮೇ ತಿಂಗಳಿನಲ್ಲಿ ಊರನ್ನು ನಗರ ಮಾಡೋಣವೇ ಎಂದು ಮತಕ್ಕೆ ಹಾಕಿದರು. ಜನ ಬೇಡವೆಂದರು. ಮೇಯರ್ ಬಂದರೆ ಹಿಂದೆಯೇ ತೆರಿಗೆಯೂ ಬಂದೀತು ಎಂಬ ಗುಮಾನಿ ಹಲವರಿಗೆ; ನನಗಂತೂ ಇತ್ತು.

ಹಿಂದೆ ಹಾರ್ಡಿ ಪೇಸ್ ಎಂಬಾತ ಇಲ್ಲಿ ದೋಣಿಯಲ್ಲಿ ಜನರನ್ನು ನದಿ ದಾಟಿಸುತ್ತಿದ್ದ. ಸಂಜೆಯ ಟ್ರಾಫಿಕ್ಕಿನಲ್ಲಿ ಪೇಸಸ್ ಫೆರಿ ರಸ್ತೆಯ ಮೇಲೆ ಕೂತಾಗಲೆಲ್ಲ, ಆ ದೋಣಿಯನ್ನು ಯಾವ ಪುಣ್ಯಾತ್ಮ ನಿಲ್ಲಿಸಿದನೋ ಅನಿಸುತ್ತದೆ.