ಸ್ವಹಸ್ತ ಮುದ್ರಿತ ವಿಸಿಟಿಂಗ್ ಕಾರ್ಡು: ಒಂದು ವಿವೇಚನೆ

ವಿಸಿಟಿಂಗ್ ಕಾರ್ಡು ಎಂಬುದು ಮೂರೂವರೆ ಇಂಚು ಉದ್ದ, ಎರಡು ಇಂಚು ಅಗಲದ ದಪ್ಪ ಕಾಗದದ ತುಂಡು; ಬಾಯಲ್ಲಿ ಹೇಳಿಕೊಂಡರೆ ಜಂಬವೆನಿಸುವ ಸಂಗತಿಗಳನ್ನು ಅಚ್ಚು ಹಾಕಿ ಕೈಗಿತ್ತರೆ ಅದು ಶಿಷ್ಟಾಚಾರವಾಗುತ್ತದೆ ಎಂಬುದು ಅದರ ಮೂಲ ತತ್ತ್ವ. ಕನ್ನಡದಲ್ಲಿ ಇದನ್ನು 'ಭೇಟಿ ಚೀಟಿ' ಎನ್ನಬಹುದಾದರೂ, ಆ ಹೆಸರಿನಲ್ಲಿ ಕೇಳಿದರೆ ಅಂಗಡಿಯವನು ಆಸ್ಪತ್ರೆಯ ದಾರಿ ತೋರಿಸುವ ಸಂಭವವಿರುವುದರಿಂದ ಇಲ್ಲಿ ಬಳಕೆಯ ಮಾತನ್ನೇ ಉಳಿಸಿಕೊಳ್ಳಲಾಗಿದೆ. ಬ್ರಿಟಿಷರ ಕಾಲದ ಕಂಟೋನ್ಮೆಂಟುಗಳಲ್ಲಿ ಬಂಗಲೆಯ ಗೇಟಿಗೆ 'ಮನೆಯಲ್ಲಿಲ್ಲ' ಎಂದು ಬರೆದ ಪುಟ್ಟ ಪೆಟ್ಟಿಗೆ ತೂಗುಹಾಕಿರುತ್ತಿದ್ದು, ಬಂದವರು ಅದರೊಳಗೆ ಕಾರ್ಡು ಹಾಕಿ ಹೊರಟರೆ, ಯಜಮಾನರು ಒಳಗೇ ಇದ್ದರೂ ಭೇಟಿಯಾದಂತೆಯೇ ಲೆಕ್ಕವಾಗುತ್ತಿತ್ತು. ಮುಖ ನೋಡದೆ ಸೌಜನ್ಯ ಮುಗಿಸುವ ಈ ವ್ಯವಸ್ಥೆಗೆ ಸಮನಾದದ್ದನ್ನು ನಮ್ಮ ಕಾಲವು ಮೊಬೈಲಿನ 'ಗುಡ್ ಮಾರ್ನಿಂಗ್' ಚಿತ್ರಗಳ ಮೂಲಕವಷ್ಟೇ ಸಾಧಿಸಿದೆ.

ಇಂಥ ಕಾರ್ಡು ನಿವೃತ್ತ ಕನ್ನಡ ಪ್ರಾಧ್ಯಾಪಕನೊಬ್ಬನಿಗೆ ಏಕೆ ಬೇಕು ಎಂಬ ಪ್ರಶ್ನೆ ಸಹಜವೇ ಆಗಿದ್ದು, ಪ್ರಸ್ತುತ ಪ್ರಬಂಧಕಾರನ ಬಳಿ ಅದಕ್ಕೆ ಸಮರ್ಪಕವಾದ ಉತ್ತರವಿಲ್ಲ. ಸಭೆಯೊಂದರಲ್ಲಿ ಎದುರಿನವರು ಕಾರ್ಡು ಕೊಟ್ಟಾಗ ಈತ ಜೇಬು ತಡಕಿ ಬಸ್ಸಿನ ಟಿಕೆಟ್ಟನ್ನು ಹೊರತೆಗೆದನೆಂಬುದನ್ನು ಮಾತ್ರ ದಾಖಲಿಸಬಹುದು. ಮರುದಿನ ಶಿವಮೊಗ್ಗದ ಮುದ್ರಣಾಲಯವೊಂದರಲ್ಲಿ ವಿಚಾರಿಸಲಾಗಿ, ಸಾವಿರ ಕಾರ್ಡಿಗೆ 600 ರೂಪಾಯಿ, ಸಾವಿರಕ್ಕಿಂತ ಕಡಿಮೆ ಹಾಕುವುದಿಲ್ಲ ಎಂಬ ಉತ್ತರ ದೊರೆಯಿತು. ಆಫ್‌ಸೆಟ್ ಮುದ್ರಣದಲ್ಲಿ ಸಿಯಾನ್, ಮಜೆಂಟಾ, ಹಳದಿ, ಕಪ್ಪು ಎಂಬ ನಾಲ್ಕು ಬಣ್ಣಗಳಿಗೆ ನಾಲ್ಕು ಪ್ಲೇಟುಗಳು ಬೇಕಾಗುವುದರಿಂದ, ಹಲವು ಗಿರಾಕಿಗಳ ಕಾರ್ಡುಗಳನ್ನು ಒಂದೇ ದೊಡ್ಡ ಹಾಳೆಯಲ್ಲಿ ಜೋಡಿಸಿ ಸಾವಿರಗಟ್ಟಲೆ ಓಡಿಸಿದರೇ ಅದು ಅಗ್ಗವಾಗುವುದು. ವಕೀಲರು, ಕೋಳಿ ಫಾರಮ್ಮಿನವರು, ವಾಸ್ತುತಜ್ಞರು ಆ ಹಾಳೆಯಲ್ಲಿ ಹೆಗಲಿಗೆ ಹೆಗಲು ತಾಗಿಸಿ ಮಲಗಿರುತ್ತಾರೆ. ಆದರೆ ತಿಂಗಳಿಗೆ ಮೂರು ಕಾರ್ಡು ಖರ್ಚಾದರೂ ಸಾವಿರ ಮುಗಿಯಲು 27 ವರ್ಷ ಮೀರಿ ಬೇಕಾಗುತ್ತದೆಂದೂ, ಆಗ ಕಾರ್ಡಿನ ಒಡೆಯನಿಗೆ 88 ತುಂಬಿರುತ್ತದೆಂದೂ ಲೆಕ್ಕ ಹಾಕಿದ ಪ್ರಬಂಧಕಾರನು, ಮಗ ಬಿಟ್ಟುಹೋದ ಇಂಕ್‌ಜೆಟ್ ಪ್ರಿಂಟರು ಮನೆಯಲ್ಲೇ ಇರುವಾಗ ಮೂವತ್ತು ಕಾರ್ಡಿಗಾಗಿ 600 ರೂಪಾಯಿ ಸುರಿಯುವುದು ದುಂದು ಎಂಬ ನಿರ್ಣಯಕ್ಕೆ ಬಂದನು. ಎ-4 ಹಾಳೆಯೊಂದರಲ್ಲಿ ಎರಡು ಸಾಲು, ಸಾಲಿಗೆ ಐದರಂತೆ ಹತ್ತು ಕಾರ್ಡು ಕೂಡುತ್ತವೆಯಾದ್ದರಿಂದ, ಮೂರು ಹಾಳೆಗೆ ಕೆಲಸ ಮುಗಿಯಬೇಕಿತ್ತು.

ಮೊದಲ ತೊಡಕು ಬಿರುದಿನದು. 'ಸಾಹಿತಿ' ಎಂದರೆ ಹೆಚ್ಚಾಯಿತು, 'ನಿವೃತ್ತ' ಎಂದಷ್ಟೇ ಬರೆದರೆ ಕಡಿಮೆಯಾಯಿತು, 'ಚಿಂತಕ' ಎಂಬುದು ಹದವಾಗಿದೆ ಎಂದು ತೋರುತ್ತಿರುವಾಗ, ಅಡುಗೆಮನೆಯಿಂದ "ಹಾಕ್ಕೊಳ್ಳಿ ರೀ, ವಾರದಿಂದ ಇಂಕಿನ ಚಿಂತೆ ಬಿಟ್ಟು ಬೇರೆ ಏನಿದೆ ನಿಮಗೆ" ಎಂಬ ಅಭಿಪ್ರಾಯ ಬಂದದ್ದರಿಂದ ಆ ಪದವನ್ನು ಕೈಬಿಡಲಾಯಿತು. ಉಳಿದದ್ದು 'ನಿವೃತ್ತ ಪ್ರಾಧ್ಯಾಪಕ'. ಎರಡೇ ಪದಗಳಾದರೂ ಅವುಗಳಲ್ಲಿ ಮೂರು ಒತ್ತಕ್ಷರಗಳಿದ್ದವು ಎಂಬುದು ಅಚ್ಚಾದ ಮೇಲಷ್ಟೇ ಅರಿವಿಗೆ ಬಂದಿತು. ಕನ್ನಡದ ಒತ್ತುಗಳನ್ನು ಕೂಡಿಸುವ ಬುದ್ಧಿಯಿಲ್ಲದ ಹಳೆಯ ವಿನ್ಯಾಸ ತಂತ್ರಾಂಶವು ಯೂನಿಕೋಡ್ ಅಕ್ಷರಗಳನ್ನು ಹಾಗೆಯೇ ಬಿಡಿಬಿಡಿಯಾಗಿ ನಿಲ್ಲಿಸುವುದರಿಂದ, ಮೊದಲ ನಾಲ್ಕು ಹಾಳೆಗಳಲ್ಲಿ 'ನಿವೃತ್‌ತ ಪ್‌ರಾಧ್‌ಯಾಪಕ' ಎಂಬ, ತೊದಲುವವನೊಬ್ಬನ ಸ್ವಪರಿಚಯ ಮೂಡಿತು. ನಾಲ್ಕು ಹಾಳೆ ಹೊರಬರುವವರೆಗೂ ಅದನ್ನು ಓದಿ ನೋಡಲಿಲ್ಲವೇ ಎಂದು ಕೇಳುವವರು, ತನ್ನ ಹೆಸರು ಅಚ್ಚಾಗುವುದನ್ನು ನೋಡುತ್ತ ನಿಂತ ಮನುಷ್ಯನ ಮನಃಸ್ಥಿತಿಯನ್ನು ಬಲ್ಲವರಲ್ಲ. ಅನಂತರ ನುಡಿ ತಂತ್ರಾಂಶದ ಹಳೆಯ ಫಾಂಟಿನಲ್ಲಿ, ಅಂದರೆ ಇಂಗ್ಲಿಷ್ ಅಕ್ಷರಗಳ ಆಸನಗಳಲ್ಲಿ ಕನ್ನಡದ ತುಣುಕುಗಳನ್ನು ಕೂರಿಸುವ ಪದ್ಧತಿಯಲ್ಲಿ, ಎಲ್ಲವನ್ನೂ ಮತ್ತೆ ಕೀಲಿಸಲಾಯಿತು. ಆ ಫಾಂಟಿಲ್ಲದ ಗಣಕದಲ್ಲಿ ಕಡತ ತೆರೆದರೆ ಕನ್ನಡವೆಲ್ಲ ಎದ್ದುಹೋಗಿ ಬರೀ ಆಸನಗಳು ಕಾಣುತ್ತವೆ; ಕಡತವನ್ನು ಒಯ್ದು ತೋರಿಸಿದಾಗ ಜೆರಾಕ್ಸ್ ಅಂಗಡಿಯ ಹುಡುಗ "ಸಾರ್, ಇದು ಯಾವ ದೇಶದ್ದು?" ಎಂದು ವಿನಯದಿಂದಲೇ ಕೇಳಿ, "ಮುಂದಿನ ಸಲ ಕರ್ವ್ ಮಾಡ್ಕೊಂಡು ಬನ್ನಿ" ಎಂದನು. ಅಕ್ಷರವನ್ನು ಅಕ್ಷರವಾಗಿರಗೊಡದೆ ಗೆರೆಗಳ ಚಿತ್ರವನ್ನಾಗಿಸುವುದಕ್ಕೆ ಆ ವೃತ್ತಿಯವರು ಹಾಗೆನ್ನುತ್ತಾರೆ.

ಈ ಅಧ್ಯಯನದ ಪ್ರಧಾನ ಘಟ್ಟವು ಕಾಗದಕ್ಕೆ ಸಂಬಂಧಿಸಿದ್ದು. ಒಂದು ಚದರ ಮೀಟರ್ ಕಾಗದ ಎಷ್ಟು ಗ್ರಾಂ ತೂಗುತ್ತದೆಂಬುದನ್ನು ಜಿಎಸ್‌ಎಂ ಎನ್ನುತ್ತಾರೆ. ಜೆರಾಕ್ಸ್ ಹಾಳೆಯದು 70ರಿಂದ 80, ಮರ್ಯಾದಸ್ಥ ಕಾರ್ಡಿನದು 300ರ ಆಸುಪಾಸು. ಆದ್ದರಿಂದ 300 ಜಿಎಸ್‌ಎಂನ, ಮುಖ ಕಾಣುವಷ್ಟು ಹೊಳಪಿನ ಆರ್ಟ್ ಕಾರ್ಡನ್ನೇ ತರಲಾಗಿತ್ತು. ಆ ಹೊಳಪು ಆಫ್‌ಸೆಟ್ಟಿನ ಎಣ್ಣೆ ಮಸಿಗೆಂದು ಬಳಿದ ಲೇಪನದ್ದು. ಇಂಕ್‌ಜೆಟ್ಟಿನ ಮಸಿಯಾದರೋ ಬಹುಪಾಲು ನೀರು. ಹೀರಿಕೊಳ್ಳುವ ಕಾಗದ ಸಿಗದಿದ್ದರೆ ಅದು ಕೆಸುವಿನೆಲೆಯ ಮೇಲಿನ ಹನಿಯಂತೆ ಹಾಗೆಯೇ ನಿಲ್ಲುತ್ತದೆ. ಸಾಲದ್ದಕ್ಕೆ ಪ್ರಿಂಟರಿನ ಸೂಕ್ಷ್ಮ ರಂಧ್ರಗಳಲ್ಲಿ ಒಣಗಿ ಕಟ್ಟಿಕೊಳ್ಳದಿರಲೆಂದು ಅದಕ್ಕೆ ಗ್ಲಿಸರಿನ್ ಜಾತಿಯ ದ್ರವಗಳನ್ನು ಬೆರೆಸಿರುತ್ತಾರೆ, ಅಂದರೆ ಒಣಗಬಾರದೆಂದೇ ತಯಾರಾದ ಮಸಿ ಅದು. ಈ ಜ್ಞಾನವೆಲ್ಲ ತಡವಾಗಿ ಲಭಿಸಿತು. ಅದಕ್ಕೆ ಮುನ್ನ, ಮಾರ್ಚ್ ತಿಂಗಳ ಬಿಸಿಲಿಗೆ ಒಣಗದ ವಸ್ತುವಿಲ್ಲ ಎಂಬ ಮಲೆನಾಡಿನ ನಂಬಿಕೆಯನ್ನು ಅನುಸರಿಸಿ, ಮೂರು ಹಾಳೆಗಳನ್ನು ಮಾಳಿಗೆಗೆ ಒಯ್ದು, ಹಳೆಯ ಬಿಳಿ ಪಂಚೆಯನ್ನು ಹಾಸಿ, ಅದರ ನಾಲ್ಕು ಮೂಲೆಗೆ ಕಲ್ಲು ಹೇರಿ, ಹಾಳೆಗಳನ್ನು ಹರವಿ, ಕಾಗೆ ಬಾರದಿರಲೆಂದು ಕಪ್ಪು ಕೊಡೆಯನ್ನು ಪಕ್ಕದಲ್ಲಿ ಬಿಚ್ಚಿಟ್ಟು, ಪ್ರಬಂಧಕಾರನು ಕೋಲು ಹಿಡಿದು ಕಾವಲು ಕುಳಿತನು. ಪಕ್ಕದ ಮನೆಯ ಮಾಳಿಗೆಯಲ್ಲಿ ಹಪ್ಪಳ ಹರವುತ್ತಿದ್ದ ಹಿರಿಯರೊಬ್ಬರು ಬಹಳ ಹೊತ್ತು ನೋಡಿ, "ಏನ್ ಮೇಷ್ಟ್ರೇ, ಈ ವರ್ಷ ಹಪ್ಪಳ ಚೌಕ ಮಾಡಿದೀರಾ? ಹೆಸರು ಬೇರೆ ಬರ್ದಂಗಿದೆ" ಎಂದರು. ಹಪ್ಪಳಕ್ಕೂ ಕಾರ್ಡಿಗೂ ಇರುವ ಭೇದವನ್ನು ವಿವರಿಸುವ ಧೈರ್ಯ ಸಾಲದೆ, "ಇಲ್ಲಮ್ಮ, ಇದು ಸಂಡಿಗೆ" ಎಂದು ಉತ್ತರಿಸಲಾಯಿತು. ಹನ್ನೊಂದು ಗಂಟೆಗೆ ಹಸಿ, ಹನ್ನೆರಡಕ್ಕೂ ಹಸಿ. ಹಣೆಯ ಬೆವರು ಜಾರಿ ಒಂದು ಕಾರ್ಡಿನ ಮೇಲೆ ಬಿದ್ದು, 'ನಿವೃತ್ತ' ಎಂಬುದು ನೀಲಿಯಾಗಿ ಹರಡಿತು. ಒಂದು ಗಂಟೆಗೆ ಮೇಲೆ ಬಂದ ಗೃಹಿಣಿಯು ಸಂಡಿಗೆಯ ಹದ ನೋಡುವ ರೀತಿಯಲ್ಲೇ ಬೆರಳು ಒತ್ತಿ, ಬೆರಳನ್ನು ಸೆರಗಿಗೆ ಒರೆಸಿಕೊಂಡು, "ಒಂದು ಕಡೆ ಕಾದಿದೆ, ಮಗುಚಿ ಹಾಕಿ" ಎಂದು ಹೇಳಿ ಇಳಿದುಹೋದಳು. ಮೂವತ್ನಾಲ್ಕು ವರ್ಷ ಪಾಠ ಹೇಳಿದ ಮನುಷ್ಯ ಆ ಕ್ಷಣದಲ್ಲಿ ಒಂದಿಷ್ಟೂ ಯೋಚಿಸದೆ, ಮೂರನ್ನೂ ಒಂದೊಂದಾಗಿ, ಅಂಚು ಹಿಡಿದು, ಎಚ್ಚರಿಕೆಯಿಂದ ಮಗುಚಿ ಹಾಕಿದನು. ಚೆನ್ನಾಗಿ ಕೂರಲೆಂದು ಅಂಗೈಯಿಂದ ತಟ್ಟಿದನು.

ಸಂಜೆ ಎತ್ತಿ ನೋಡಿದಾಗ ಕಾರ್ಡುಗಳಲ್ಲಿ ಮೋಡವಿತ್ತು, ಪಂಚೆಯಲ್ಲಿ ಹೆಸರಿತ್ತು: ಮೂವತ್ತು ಸಲ, ಬಲದಿಂದ ಎಡಕ್ಕೆ. ಮಂಗಳೂರಿನಲ್ಲಿ ಬಾಸೆಲ್ ಮಿಷನ್ನಿನವರು 1843ರಲ್ಲಿ 'ಮಂಗಳೂರ ಸಮಾಚಾರ'ವನ್ನು ಕಲ್ಲಚ್ಚಿನಲ್ಲಿ ಹೊರತಂದಾಗಲೂ ಕಲ್ಲಿನ ಮೇಲಿನ ಅಕ್ಷರಗಳು ಹೀಗೆಯೇ ಕನ್ನಡಿಯೊಳಗಿನಂತೆ ಇದ್ದಿರಬೇಕು, ಏಕೆಂದರೆ ಆ ವಿಧಾನದಲ್ಲಿ ತಿರುಗುಮುರುಗಾದದ್ದು ಕಾಗದಕ್ಕೆ ಒತ್ತಿದಾಗ ನೆಟ್ಟಗಾಗುತ್ತದೆ. ಅಲ್ಲಿಂದಾಚೆಗೆ ಕನ್ನಡದ ಮುದ್ರಣವು ಕಲ್ಲು, ಸೀಸ, ಗಣಕಗಳನ್ನು ದಾಟಿ, ಶಿವಮೊಗ್ಗದ ಮಾಳಿಗೆಯೊಂದರಲ್ಲಿ ಪಂಚೆಗೆ ಬಂದು ನಿಂತಿತೆಂದು ಇತಿಹಾಸಕಾರರು ಗುರುತಿಸಿಕೊಳ್ಳಬಹುದು.

ಅನಂತರದ ಐದು ಹಾಳೆಗಳಿಗೆ ಹೊಳಪಿಲ್ಲದ ಡ್ರಾಯಿಂಗ್ ಶೀಟನ್ನು ಬಳಸಿದ್ದರಿಂದ ಮಸಿ ಒಣಗಿತು. ಸ್ಟೀಲ್ ಸ್ಕೇಲಿಟ್ಟು ಬ್ಲೇಡಿನಲ್ಲಿ ಕತ್ತರಿಸುವಾಗ 23 ಕಾರ್ಡುಗಳು ಚೌಕವೂ ಅಲ್ಲದ ತ್ರಿಕೋನವೂ ಅಲ್ಲದ ಆಕಾರಗಳನ್ನು ತಾಳಿದವು. ಮಸಿ 850, ಹಾಳೆ 130, ಸ್ಕೇಲು ಬ್ಲೇಡು 160, ಒಟ್ಟು 1,140 ರೂಪಾಯಿ; ಉಳಿದ ಕಾರ್ಡು 27; ಒಂದರ ಬೆಲೆ 42 ರೂಪಾಯಿ 22 ಪೈಸೆ. ಇಷ್ಟು ಬೆಲೆಯ ವಸ್ತುವನ್ನು ಸಮಾರಂಭವೊಂದರಲ್ಲಿ ಪಡೆದ ಗಣ್ಯರು ಅದರ ಮೂಲೆಯಿಂದ ಹಲ್ಲಿನ ಸಂದಿಯ ಅಡಿಕೆ ತೆಗೆದದ್ದನ್ನೂ, ಇನ್ನೊಬ್ಬರು ಅದನ್ನು ಮಡಚಿ ಕುಂಟುವ ಮೇಜಿನ ಕಾಲಿಗೆ ಕೊಟ್ಟದ್ದನ್ನೂ ಕಂಡಾಗ, ನಾಡಿನ ಸಾಂಸ್ಕೃತಿಕ ಸ್ಥಿತಿಯ ಬಗ್ಗೆ ಕಠಿಣವಾಗಿ ಬರೆಯಬೇಕೆನಿಸಿದರೆ ತಪ್ಪಿಲ್ಲ.

ಈ ಸಂದರ್ಭದಲ್ಲಿ ಸ್ಕ್ರೀನ್ ಪ್ರಿಂಟಿಂಗಿನ ನೆನಪು ಅನಿವಾರ್ಯ. ಮರದ ಚೌಕಟ್ಟಿಗೆ ನವಿರಾದ ಜಾಲರಿ ಬಟ್ಟೆ ಬಿಗಿದು, ಅಕ್ಷರದ ಜಾಗವನ್ನಷ್ಟೇ ತೆರೆದಿಟ್ಟು ಉಳಿದುದನ್ನು ಮುಚ್ಚಿ, ರಬ್ಬರಿನ ಪಟ್ಟಿಯಿಂದ ಮಸಿ ಎಳೆದು ಒಂದೊಂದೇ ಕಾರ್ಡು ತೆಗೆಯುವ ಆ ಕಸುಬಿನವರು ನೂರು ಕಾರ್ಡನ್ನೂ ಬೇಸರವಿಲ್ಲದೆ ಹಾಕಿಕೊಡುತ್ತಿದ್ದರು. ಪೇಟೆಯ ಹಿಂದಿನ ಓಣಿಯಲ್ಲಿ ಅಂಥ ಒಬ್ಬರಿದ್ದರು; ಸೀಮೆಎಣ್ಣೆಯಲ್ಲಿ ತೊಳೆದೂ ತೊಳೆದೂ ಅವರ ಉಗುರುಗಳು ಬಣ್ಣ ಕಳೆದುಕೊಂಡಿದ್ದವು. ಮೊದಲ ಪ್ರತಿಯನ್ನು ಗಿರಾಕಿಯ ಮುಂದಿಟ್ಟು, "ಜೋರಾಗಿ ಓದಿ ಮೇಷ್ಟ್ರೇ" ಎನ್ನುತ್ತಿದ್ದರು. ಓದದೆ ತಲೆಯಾಡಿಸಿದರೆ ಕೆಲಸ ಮುಂದುವರಿಸುತ್ತಿರಲಿಲ್ಲ. ಫ್ಲೆಕ್ಸು ಬಂದ ಮೇಲೆ ಅಂಗಡಿ ಮುಚ್ಚಿತು. ಅಗ್ಗ ಅಗ್ಗ ಎಂದು ಅಲ್ಲಿಗೆ ಹೋಗುವುದನ್ನು ಬಿಟ್ಟವರಲ್ಲಿ ಪ್ರಬಂಧಕಾರನೂ ಒಬ್ಬ.

ಅಂತಿಮವಾಗಿ 600 ರೂಪಾಯಿ ತೆತ್ತು ಸಾವಿರ ಕಾರ್ಡುಗಳನ್ನು ಆಫ್‌ಸೆಟ್ಟಿನಲ್ಲೇ ಹಾಕಿಸಲಾಯಿತು. ಮುದ್ರಣಾಲಯದವರು ಕರಡನ್ನು ಮೊಬೈಲಿಗೆ ಕಳಿಸಿ ಒಪ್ಪಿಗೆ ಕೇಳಿದರು. ಪ್ರಬಂಧಕಾರನು ತಾನೇ ಕೀಲಿಸಿ ಕೊಟ್ಟ ಬರಹವಾದ್ದರಿಂದ ನೋಡುವುದೇನಿದೆ ಎಂದು ಹೆಬ್ಬೆರಳಿನ ಚಿತ್ರ ಒತ್ತಿದನು. ಮೂರು ದಿನದಲ್ಲಿ ಬಂದ ಕಾರ್ಡುಗಳು ಹೊಳಪಿನಲ್ಲಿ, ಅಳತೆಯಲ್ಲಿ, ಒತ್ತಕ್ಷರಗಳಲ್ಲಿ ನಿರ್ದುಷ್ಟವಾಗಿದ್ದು, ಸಾವಿರದಲ್ಲೂ 'ನಿವೃತ್ತ ಪ್ರಧ್ಯಾಪಕ' ಎಂದಿದೆ. ದೀರ್ಘ ಬಿಟ್ಟ ವಿದ್ಯಾರ್ಥಿಗಳಿಗೆ ಅರ್ಧ ಅಂಕ ಕಳೆಯುತ್ತಿದ್ದ ಕಾಲದ ಉತ್ತರಪತ್ರಿಕೆಗಳು ಈಗ ಸಿಕ್ಕುವಂತಿಲ್ಲ. ಆದಕಾರಣ, ಈ ಪ್ರಬಂಧಕಾರನು ಎದುರಾದಲ್ಲಿ ಸಹೃದಯ ಓದುಗರು ಒಂದರ ಬದಲು ದಯವಿಟ್ಟು ಎರಡು ಕಾರ್ಡುಗಳನ್ನು ಸ್ವೀಕರಿಸಬೇಕು. ದೀರ್ಘವನ್ನು ಪೆನ್ನಿನಲ್ಲಿ ಹಾಕಿಯೇ ಕೊಡಲಾಗುವುದು.